ಮೂರು ಫೈನಲ್ ಸೋತ ಎಂಡೊ ಬಗ್ಗೆ ನಾವ್ಯಾಕೆ ಮಾತಾಡಲ್ಲ?

ಲಿಫ್ಟ್ ಮಾಸ್ಟರ್, ಮೈಸೂರು

ನಮ್ಮಲ್ಲಿ ಬ್ಯಾಡ್ಮಿಂಟನ್ ಡಬಲ್ಸ್ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಸಾತ್ವಿಕ್–ಚಿರಾಗ್ ಹತ್ತಿರ ಬಂದು ನಿಲ್ಲುತ್ತದೆ. ಇಲ್ಲಾಂದ್ರೆ ಇಂಡೋನೇಷ್ಯಾದ ಮಿನಿಯನ್ಸ್, ಅಂದರೆ ಕೆವಿನ್–ಗಿಡಿಯನ್ ಜೋಡಿ. ತಪ್ಪೇನಿಲ್ಲ. ಆದರೆ ಆ ಮಿನಿಯನ್ಸ್ ಜೋಡಿಗೆ ತಲೆ ಕೆಡಿಸಿದ ಒಬ್ಬ ಮನುಷ್ಯ ಇದ್ದಾನೆ, ಅವನ ಹೆಸರು ಇಲ್ಲಿ ಬಂದದ್ದೇ ನಾನು ನೋಡಿಲ್ಲ. ಜಪಾನಿನ ಹಿರೋಯುಕಿ ಎಂಡೊ.

ಲೆಕ್ಕ ನೋಡಿ. 1986ರ ಡಿಸೆಂಬರ್‌ನಲ್ಲಿ ಹುಟ್ಟಿದವನು. ಕೆನಿಚಿ ಹಯಾಕಾವಾ ಜೊತೆ ಬ್ಯಾಡ್ಮಿಂಟನ್ನಿನ ದೊಡ್ಡ ಟೂರ್ನಿ ಆಲ್ ಇಂಗ್ಲೆಂಡ್ ಫೈನಲ್‌ಗೆ ಮೂರು ಸಲ ಹೋದ. 2013ರಲ್ಲಿ ಚೀನಾದ ಲಿಯು ಶಿಯಾವೊಲಾಂಗ್–ಚಿಯು ಝಿಹಾನ್ ಎದುರು ಸೋಲು. 2014ರಲ್ಲಿ ಇಂಡೋನೇಷ್ಯಾದ ಅಹ್ಸಾನ್–ಸೆಟಿಯಾವಾನ್ ಎದುರು 19-21, 19-21. 2016ರಲ್ಲಿ ರಷ್ಯಾದ ಇವಾನೊವ್–ಸೊಜೊನೊವ್ ಎದುರು ಮೊದಲ ಗೇಮ್ 23-21 ಗೆದ್ದು, ಆಮೇಲೆ ಎರಡೂ ಕೈಬಿಟ್ಟ.

2020ರಲ್ಲಿ ನಾಲ್ಕನೇ ಸಲ ಹೋಗುವಾಗ ವಯಸ್ಸು 33. ಪಕ್ಕದಲ್ಲಿ ನಿಂತವನು ಹತ್ತೂವರೆ ವರ್ಷ ಚಿಕ್ಕವನು, ಯುಟಾ ವತಾನಬೆ. ಎದುರಿಗೆ ಅದೇ ಮಿನಿಯನ್ಸ್. ಗೆದ್ದ.

ನನಗೂ ಈಗ 36. ಸಂಜೆ ಆರರ ಸ್ಲಾಟಿನಲ್ಲಿ ಹುಡುಗರ ಜೊತೆ ಆಡುವಾಗ ಸ್ಮ್ಯಾಶ್ ಮೊದಲಿನ ಹಾಗೆ ಬರುತ್ತಿಲ್ಲ. ಅದಕ್ಕೇ ಈ ಮನುಷ್ಯನ ಹಳೇ ಮ್ಯಾಚುಗಳನ್ನು ಕೂತು ನೋಡುತ್ತಿದ್ದೇನೆ. ನಿಮ್ಮ ಅಭಿಪ್ರಾಯ ಏನು?

ನೆಟ್ ಕಿಲ್

ಒಳ್ಳೇ ಆಟಗಾರ, ಒಪ್ಪಿದೆ. ಆದರೆ ಜಾಸ್ತಿ ಎತ್ತಿ ಕೂರಿಸೋದು ಬೇಡ. ಹಯಾಕಾವಾ ಜೊತೆ ಇರುವಾಗ ಆಲ್ ಇಂಗ್ಲೆಂಡ್ ಗೆಲ್ಲಲಿಲ್ಲ. ವತಾನಬೆ ಬಂದ ಮೇಲೆ ಗೆದ್ದ. ಹಾಗಾದ್ರೆ ಗೆಲ್ಲಿಸಿದ್ದು ಯಾರು? ಲೆಕ್ಕ ಸುಲಭ ಅಲ್ವಾ?

ಇನ್ನು 33 ವಯಸ್ಸಿನ ಮಾತು. ಹೆಂದ್ರಾ ಸೆಟಿಯಾವಾನ್ 2019ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದಾಗ 34 ಆಗಿತ್ತು. ಡಬಲ್ಸ್‌ನಲ್ಲಿ ಇದೇನು ದೊಡ್ಡ ವಿಷಯ ಅಲ್ಲ.

ದಿಲ್ಲಿ ಕನ್ನಡಿಗ

ನೆಟ್ ಕಿಲ್ ಅವರೇ, ಹಯಾಕಾವಾ ಜೊತೆ ಏನೂ ಗೆಲ್ಲಲಿಲ್ಲ ಅನ್ನೋ ಹಾಗೆ ಹೇಳಬೇಡಿ. ಅವರಿಬ್ಬರು ಜಪಾನ್ ತಂಡದಲ್ಲಿ ಆಡಿ ಥಾಮಸ್ ಕಪ್, ಅಂದರೆ ಪುರುಷರ ತಂಡಗಳ ವಿಶ್ವ ಕಪ್, ಗೆದ್ದದ್ದನ್ನು ಕಣ್ಣಾರೆ ನೋಡಿದ್ದೇನೆ.

2014ರ ಮೇ ತಿಂಗಳು. ನಾನಾಗ ದಿಲ್ಲಿಗೆ ಕೆಲಸಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಥಾಮಸ್–ಊಬರ್ ಕಪ್ ನಮ್ಮ ಸಿರಿ ಫೋರ್ಟ್‌ನಲ್ಲೇ ನಡೆಯಿತು. ಹೊರಗೆ ರಣಬಿಸಿಲು, ಒಳಗೆ ಕಾಲಿಟ್ಟರೆ ಎಸಿ ತಂಪು. ನಾನು ಹೋದದ್ದು ನಮ್ಮ ಹುಡುಗಿಯರಿಗೆ ಕೂಗೋಕೆ. ಸೈನಾ, ಸಿಂಧು, ಜ್ವಾಲಾ, ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಎಲ್ಲ ಇದ್ದ ತಂಡ ಮಹಿಳೆಯರ ಊಬರ್ ಕಪ್‌ನಲ್ಲಿ ಕಂಚು ತಂದಿತು. ಅದು ಮುಗಿದ ಮೇಲೂ ಟಿಕೆಟ್ ಇದೆಯಲ್ಲ, ಸುಮ್ನೆ ಯಾಕೆ ಬಿಡೋದು ಅಂತ ಫೈನಲ್‌ಗೂ ಹೋದೆ.

ಸೆಮಿಯಲ್ಲಿ ಜಪಾನ್ ಚೀನಾವನ್ನು 3-0 ಮಾಡಿ ಕಳಿಸಿತ್ತು. ಯಾರೂ ನಂಬಿರಲಿಲ್ಲ. ಫೈನಲ್‌ನಲ್ಲಿ ಎದುರು ಮಲೇಷ್ಯಾ. ಮೊದಲ ಸಿಂಗಲ್ಸ್ ಲೀ ಚಾಂಗ್ ವೇಯಿ ಗೆದ್ದ, ಮಲೇಷ್ಯಾ 1-0. ಎರಡನೇ ಮ್ಯಾಚಿಗೆ ಹಯಾಕಾವಾ–ಎಂಡೊ ಬಂದರು. ಎದುರಿಗೆ ಟಾನ್ ಬೂನ್ ಹಿಯಾಂಗ್, ಸ್ಮ್ಯಾಶಿಗೇ ಹೆಸರಾದವನು. ಮೊದಲ ಗೇಮ್ ಹೋಯಿತು. ನನ್ನ ಪಕ್ಕ ಕೂತಿದ್ದವರು ಕ್ಯಾಂಟೀನಿಗೆ ಎದ್ದು ಹೋದರು. ವಾಪಸ್ ಬರುವಷ್ಟರಲ್ಲಿ ಆಟ ತಿರುಗಿತ್ತು. ಮೂರು ಗೇಮ್ ಆಡಿ ಗೆದ್ದರು, 1-1. ಆ ಮ್ಯಾಚ್ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೊನೆಗೆ ಐದನೇ ಮ್ಯಾಚಿನಲ್ಲಿ ಟಕುಮಾ ಉಯೆಡಾ ಗೆದ್ದು 3-2.

ಜಪಾನಿಗೆ ಅದೇ ಮೊದಲ ಥಾಮಸ್ ಕಪ್. ಅಲ್ಲಿವರೆಗೆ ಮಲೇಷ್ಯಾ, ಇಂಡೋನೇಷ್ಯಾ, ಚೀನಾ ಬಿಟ್ಟು ಬೇರೆ ಯಾರೂ ಅದನ್ನು ಗೆದ್ದಿರಲಿಲ್ಲ.

ನೆಟ್ ಕಿಲ್

ಸರಿ ಸರಿ, ಥಾಮಸ್ ಕಪ್ ಮರೆತಿದ್ದೆ. ಆ ಒಂದು ಪಾಯಿಂಟ್ ನಿಮಗೆ.

ಹಳೇ ಬ್ಯಾಟು, ತುಮಕೂರು

ನಾನು ಬಾಲ್ ಬ್ಯಾಡ್ಮಿಂಟನ್ ಕಾಲದವನು. ಉಣ್ಣೆ ಚೆಂಡು, ಒಂದು ಕಡೆಗೆ ಐದು ಜನ. ಅಲ್ಲೂ ಒಂದು ಮಾತಿತ್ತು: ಹಿಂದೆ ನಿಂತು ಎತ್ತಿ ಕೊಡುವವನ ಹೆಸರು ಪೇಪರಿನಲ್ಲಿ ಬರಲ್ಲ, ಆದರೆ ಅವನು ರಜಾ ಹಾಕಿದ ದಿನ ಟೀಮು ಸೋಲುತ್ತೆ.

ಈ ಎಂಡೊ ಆಟ ನಾನು ನೋಡಿಲ್ಲ. ಲಿಫ್ಟ್ ಮಾಸ್ಟರ್, ಅವನು ಏನು ಮಾಡುತ್ತಿದ್ದ, ಸ್ವಲ್ಪ ಬಿಡಿಸಿ ಹೇಳಪ್ಪ. ಗೆದ್ದ–ಸೋತ ಪಟ್ಟಿ ಬೇಡ.

ಲಿಫ್ಟ್ ಮಾಸ್ಟರ್, ಮೈಸೂರು

ಹೇಳ್ತೀನಿ ಸರ್. ಅದಕ್ಕೆ ಮೊದಲು ಮಿನಿಯನ್ಸ್ ಆಟ ಹೇಗೆ ಅಂತ ಹೇಳಬೇಕು.

ಕೆವಿನ್ ಸುಕಮುಲ್ಯೊ, ಮಾರ್ಕಸ್ ಗಿಡಿಯನ್. ಇಬ್ಬರೂ ಕುಳ್ಳರು, ಅದಕ್ಕೇ ಆ ಅಡ್ಡಹೆಸರು. ಕೆವಿನ್ ನೆಟ್ ಹತ್ತಿರ ನಿಂತರೆ ಮುಗೀತು, ಕಾಕ್ ಸ್ವಲ್ಪ ಮೇಲೆದ್ದರೂ ಕೊಂದುಹಾಕುತ್ತಿದ್ದ. ಎದುರಾಳಿಗಳಿಗೆ ಏನನ್ನಿಸುತ್ತದೆ? ಎತ್ತಬಾರದು, ಚಪ್ಪಟೆಯಾಗಿ ಹೊಡೀಬೇಕು. ಎಲ್ಲರೂ ಹಾಗೇ ಮಾಡಿದರು. ಚಪ್ಪಟೆ ಆಟದಲ್ಲಿ ಕೆವಿನ್‌ಗಿಂತ ಚುರುಕು ಕೈ ಇನ್ನೊಂದಿರಲಿಲ್ಲ. ಅವನ ಮನೆ ಅಂಗಳಕ್ಕೇ ಹೋಗಿ ಕುಸ್ತಿಗೆ ನಿಂತ ಹಾಗೆ.

ಎಂಡೊ ಉಲ್ಟಾ ಮಾಡಿದ. ಎತ್ತಿದ. ಹಿಂದಿನ ಗೆರೆ ಮುಟ್ಟುವ ಹಾಗೆ, ಎತ್ತರಕ್ಕೆ. ತಗೋ, ಹೊಡಿ ಅಂತ. ಕಾಕ್ ಕೆವಿನ್ ತಲೆ ಮೇಲಿಂದ ಹೋಗುತ್ತದೆ, ಅವನಿಗೆ ಅಲ್ಲಿ ಕೆಲಸವೇ ಇಲ್ಲ. ಹಿಂದಿರುವ ಗಿಡಿಯನ್ ಹಾರಿ ಹಾರಿ ಸ್ಮ್ಯಾಶ್ ಮಾಡಬೇಕು. ಒಂದು, ಎರಡು, ಐದು, ಎಂಟು. ಎಂಡೊ ಮೊಣಕಾಲು ಬಗ್ಗಿಸಿ, ಬ್ಯಾಟನ್ನು ಹೊಟ್ಟೆ ಮುಂದೆ ಹಿಡಿದು, ಎಲ್ಲವನ್ನೂ ಮತ್ತೆ ಅದೇ ಮೂಲೆಗೆ ಕಳಿಸುತ್ತಾನೆ. ಮುಖದಲ್ಲಿ ಏನೂ ಇರಲ್ಲ. ಬಸ್ಸಿಗೆ ಕಾಯುತ್ತಿರುವವರ ಮುಖ ಇರುತ್ತಲ್ಲ, ಹಾಗೆ.

ಗಿಡಿಯನ್ ಸುಸ್ತಾಗಿ ಒಂದು ಸ್ಮ್ಯಾಶ್ ಅರ್ಧ ಮನಸ್ಸಿನಲ್ಲಿ ಹೊಡೆದ ತಕ್ಷಣ ಎಂಡೊ ಎತ್ತುವುದನ್ನು ಬಿಟ್ಟು ಅದನ್ನು ಅಡ್ಡಕ್ಕೆ ಡ್ರೈವ್ ಮಾಡುತ್ತಾನೆ, ಅಂದರೆ ಚಪ್ಪಟೆಯಾಗಿ ಜೋರಾಗಿ ಹೊಡೆಯುತ್ತಾನೆ. ವತಾನಬೆ ಅಷ್ಟರಲ್ಲಿ ನೆಟ್ ಹತ್ತಿರ ಇರುತ್ತಾನೆ. ಮುಂದಿನದು ನಿಮಗೇ ಗೊತ್ತು.

2019ರ ಏಷ್ಯನ್ ಚಾಂಪಿಯನ್‌ಶಿಪ್ ಫೈನಲ್, ವುಹಾನ್. 21-18, 21-3. ಹೌದು, ಮೂರು. ವಿಶ್ವದ ನಂಬರ್ ಒನ್ ಜೋಡಿ ಎರಡನೇ ಗೇಮಿನಲ್ಲಿ ಮೂರೇ ಮೂರು ಪಾಯಿಂಟ್ ತಗೊಂಡಿತು.

ಎಡಗೈ ಹುಡುಗ

ನಾನು ಪಿಯುಸಿ, ಎಡಗೈ ಆಟಗಾರ. ವತಾನಬೆ ಕೂಡ ಎಡಗೈ ಅಲ್ವಾ? ಎಡ–ಬಲ ಜೋಡಿಗೆ ಲಾಭ ಜಾಸ್ತಿ ಅಂತಾರೆ. ನಾವು ಆಡುವಾಗ ನನಗೂ ನನ್ನ ಪಾರ್ಟ್ನರ್‌ಗೂ ಬ್ಯಾಟು ಬ್ಯಾಟು ಡಿಕ್ಕಿ ಆಗುವುದೇ ಜಾಸ್ತಿ. ಕಳೆದ ವಾರ ಅವನ ಹೊಸ ಬ್ಯಾಟಿನ ಫ್ರೇಮ್ ಹೋಯಿತು. ಮೂರು ದಿನ ಮಾತಾಡಲಿಲ್ಲ.

ಲಿಫ್ಟ್ ಮಾಸ್ಟರ್, ಮೈಸೂರು

ಹಹ. ನೀನು ಕೋರ್ಟಿನ ಎಡಭಾಗಕ್ಕೆ, ಅವನು ಬಲಭಾಗಕ್ಕೆ ನಿಂತರೆ ಇಬ್ಬರ ಬ್ಯಾಕ್‌ಹ್ಯಾಂಡ್ ನಡುವಿಗೆ ಬರುತ್ತದೆ. ನೀನು ಬಲಕ್ಕೆ, ಅವನು ಎಡಕ್ಕೆ ನಿಂತರೆ ಇಬ್ಬರ ಫೋರ್‌ಹ್ಯಾಂಡ್ ನಡುವಿಗೆ. ಎರಡರಲ್ಲೂ ನಡುವಿನ ಕಾಕ್‌ಗೆ ಎರಡು ಬ್ಯಾಟು ಒಟ್ಟಿಗೆ ಬರುತ್ತವೆ. ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳದಿದ್ದರೆ ಫ್ರೇಮ್ ಹೋಗುವುದೇ. ನಾವು ಇಟ್ಟುಕೊಂಡ ಪದ್ಧತಿ: ಸ್ಮ್ಯಾಶ್ ಮಾಡುವವನ ನೇರಕ್ಕೆ ನಿಂತವನು ಗೆರೆ ನೋಡಿಕೊಳ್ಳಬೇಕು, ಅಡ್ಡಕ್ಕೆ ನಿಂತವನು ನಡುವಿನದ್ದು ತಗೋಬೇಕು.

ಲಾಭ ಏನೆಂದರೆ ಎದುರಾಳಿಗೆ ಗುರಿ ಸಿಗಲ್ಲ. ಬಲಗೈ–ಬಲಗೈ ಜೋಡಿಯಾದರೆ ಬ್ಯಾಕ್‌ಹ್ಯಾಂಡ್ ಮೂಲೆ ಯಾವಾಗಲೂ ಎಡಗಡೆಯೇ. ಎಂಡೊ–ವತಾನಬೆ ಜಾಗ ಬದಲಿಸಿದಾಗೆಲ್ಲ ಆ ಮೂಲೆಯೂ ಬದಲಾಗುತ್ತದೆ.

ಹಳೇ ಬ್ಯಾಟು, ತುಮಕೂರು

ಇನ್ನೊಂದು ಸೇರಿಸುತ್ತೇನೆ. ಕಾಕಿನ ಗರಿಗಳು ಒಂದೇ ದಿಕ್ಕಿಗೆ ಒಂದರ ಮೇಲೊಂದು ಕೂತಿರುತ್ತವೆ. ಅದಕ್ಕೇ ಅದು ಗಾಳಿಯಲ್ಲಿ ಒಂದೇ ದಿಕ್ಕಿಗೆ ಸುತ್ತುತ್ತದೆ. ಎಡಗೈಯವನು ಸ್ಲೈಸ್ ಮಾಡಿದರೆ, ಅಂದರೆ ಬ್ಯಾಟು ಓರೆ ಮಾಡಿ ಸವರಿ ಹೊಡೆದರೆ, ಬಲಗೈಯವನದ್ದಕ್ಕಿಂತ ಬೇರೆ ಥರ ಬೀಳುತ್ತದೆ. ಒಂದು ಹೊಡೆತ ಎಂಡೊದು, ಮುಂದಿನದು ವತಾನಬೆಯದು ಅಂದರೆ ಎದುರಿನವನ ಕಣ್ಣಿಗೆ ಪ್ರತಿಸಲ ಹೊಸ ಲೆಕ್ಕ. ಹುಡುಗ, ನೀನು ಸ್ಲೈಸ್ ಡ್ರಾಪ್ ಅಭ್ಯಾಸ ಮಾಡು. ಫ್ರೇಮ್ ದುಡ್ಡು ವಾಪಸ್ ಬರುತ್ತೆ.

ನೆಟ್ ಕಿಲ್

ನೋಡಿ, ಕೊನೆಗೆ ಎಡಗೈ ವತಾನಬೆಗೇ ಬಂದು ನಿಂತಿರಿ. ನಾನು ಹೇಳಿದ್ದೂ ಅದೇ. ಅವನು ಮಿಕ್ಸೆಡ್ ಡಬಲ್ಸ್‌ನಲ್ಲೂ ಅರಿಸಾ ಹಿಗಶಿನೊ ಜೊತೆ ಆಲ್ ಇಂಗ್ಲೆಂಡ್ ಮೂರು ಸಲ ಗೆದ್ದಿದ್ದಾನೆ: 2018, 2021, 2022. ಟೋಕಿಯೋದಲ್ಲಿ ಕಂಚು, ಪ್ಯಾರಿಸ್‌ನಲ್ಲಿ ಮತ್ತೆ ಕಂಚು. ಎಂಡೊ ಇಲ್ಲದೆಯೂ ಅವನು ಗೆಲ್ಲುತ್ತಾನೆ. ಎಂಡೊ ಅವನಿಲ್ಲದೆ?

ಕೊಡಗಿನ ಕಾಫಿ

ಅದನ್ನೇ ತಿರುಗಿಸಿ ಕೇಳುತ್ತೇನೆ. 2016ರಲ್ಲಿ ರಿಯೋ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ನಿನ ಎಲ್ಲಿಸ್–ಲ್ಯಾಂಗ್ರಿಡ್ಜ್ ಎದುರು ಸೋತಾಗ ಎಂಡೊಗೆ 29. ಆಮೇಲೆ ಹಯಾಕಾವಾ ಕೂಡ ಜೊತೆಗಿಲ್ಲ. ಕಂಪನಿ ತಂಡದಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಇದ್ದಾನೆ, ಅವನ ಮನಸ್ಸು ಅರ್ಧ ಮಿಕ್ಸೆಡ್ ಕಡೆಗೆ. ಆ ಹುಡುಗನ ಜೊತೆ ಮೊದಲಿಂದ ಶುರು ಮಾಡು ಅಂದರೆ ನಮ್ಮಲ್ಲಿ ಎಷ್ಟು ಜನ ಮಾಡುತ್ತಿದ್ದರು?

ಇಲ್ಲಿ ಆ ಕಂಪನಿ ತಂಡದ ವಿಷಯ ಹೇಳಲೇಬೇಕು. ಜಪಾನಿನಲ್ಲಿ ಆಟಗಾರರು ಕಂಪನಿಯ ನೌಕರರು. ಎಂಡೊ, ಹಯಾಕಾವಾ, ವತಾನಬೆ ಮೂವರೂ ನಿಹೋನ್ ಯುನಿಸಿಸ್ ಅನ್ನುವ ಕಂಪ್ಯೂಟರ್ ಕಂಪನಿಯ ತಂಡ. ಈಗ ಅದರ ಹೆಸರು ಬಿಪ್ರೊಜಿ. ನಮ್ಮಲ್ಲಿ ರೈಲ್ವೆ, ಪೆಟ್ರೋಲಿಯಂ ಕಂಪನಿಗಳು ಕೆಲಸ ಕೊಟ್ಟು ಆಡಿಸುತ್ತವಲ್ಲ, ಹೆಚ್ಚುಕಡಿಮೆ ಹಾಗೆ. ವ್ಯತ್ಯಾಸ ಏನಂದರೆ ಅಲ್ಲಿ ಕಂಪನಿಗೆ ಸ್ವಂತ ಕೋಚ್, ಸ್ವಂತ ಲೀಗ್ ಮ್ಯಾಚು ಎಲ್ಲ ಇದೆ. ಹಿರಿಯ ಆಟಗಾರ ಕಿರಿಯನ ಜೊತೆ ದಿನಾ ಅದೇ ಜಿಮ್ನಾಸಿಯಂನಲ್ಲಿ ಇರುತ್ತಾನೆ. ಜೋಡಿ ಮುರಿದರೆ ಬೀದಿಗೆ ಬೀಳಲ್ಲ.

ನನ್ನ ಗೆಳತಿಯೊಬ್ಬಳು ರಾಜ್ಯಮಟ್ಟದ ಡಬಲ್ಸ್ ಆಡುತ್ತಿದ್ದಳು. ಪಾರ್ಟ್ನರ್ ಮದುವೆಯಾಗಿ ಊರು ಬಿಟ್ಟಳು. ಹೊಸ ಪಾರ್ಟ್ನರ್ ಹುಡುಕಿ ಹುಡುಕಿ ಒಂದು ವರ್ಷ ಹೋಯಿತು, ಆಮೇಲೆ ಬ್ಯಾಟು ಅಟ್ಟದ ಮೇಲೆ. ಹಾಗಾಗಿ 29ರಲ್ಲಿ ಹೊಸ ಜೋಡಿ ಕಟ್ಟಿದವನನ್ನು ಹಗುರಾಗಿ ನೋಡಲು ನನಗೆ ಮನಸ್ಸಿಲ್ಲ.

ಲಿಫ್ಟ್ ಮಾಸ್ಟರ್, ಮೈಸೂರು

ಚೆನ್ನಾಗಿ ಹೇಳಿದಿರಿ.

ವತಾನಬೆ ಬಗ್ಗೆ ನನಗೂ ಗೌರವ ಕಡಿಮೆ ಇಲ್ಲ. ಟೋಕಿಯೋ ಹುಡುಗ, ಆಟಕ್ಕೋಸ್ಕರ ಫುಕುಶಿಮಾದ ತೊಮಿಯೊಕಾ ಶಾಲೆಗೆ ಹೋಗಿ ಸೇರಿದ. 2011ರ ಮಾರ್ಚ್‌ನಲ್ಲಿ ಭೂಕಂಪ, ಸುನಾಮಿ, ಅಣುಸ್ಥಾವರದ ಅನಾಹುತ. ಊರೇ ಖಾಲಿ ಮಾಡಬೇಕಾಯಿತು. ಬ್ಯಾಡ್ಮಿಂಟನ್ ತಂಡ ಇನವಾಶಿರೊ ಅನ್ನುವ ಊರಿಗೆ ಹೋಗಿ ಅಭ್ಯಾಸ ಮುಂದುವರಿಸಿತು. ಸಿಂಗಲ್ಸ್ ವಿಶ್ವ ಚಾಂಪಿಯನ್ ಆಗಿದ್ದ ಮೊಮೊಟಾ, ಹಿಗಶಿನೊ ಕೂಡ ಅದೇ ಶಾಲೆಯವರು.

ಆದರೆ ನೆಟ್ ಕಿಲ್, ವತಾನಬೆ ಒಂದೇ ಟೂರ್ನಿಯಲ್ಲಿ ಎರಡು ವಿಭಾಗ ಆಡುತ್ತಿದ್ದ. ಮಿಕ್ಸೆಡ್ ಆಡಿ ಬೆವರು ಒರೆಸಿಕೊಂಡು ಬಂದು ಇನ್ನೊಂದು ಮ್ಯಾಚು. ಅಂಥವನನ್ನು ಪಕ್ಕದಲ್ಲಿಟ್ಟುಕೊಂಡು ಗಂಟೆಗಟ್ಟಲೆ ಡಿಫೆನ್ಸ್ ಆಟ ಆಡಬೇಕಾದರೆ ಭಾರ ಯಾರ ಮೇಲೆ ಬೀಳುತ್ತದೆ?

ನೆಟ್ ಕಿಲ್

ಹ್ಞೂಂ. ಅದು ನಾನು ಯೋಚಿಸಿರಲಿಲ್ಲ.

ಆದರೆ ಎಂಡೊ–ವತಾನಬೆ ಮತ್ತೆ ಗೆದ್ದ 2021ರ ಆಲ್ ಇಂಗ್ಲೆಂಡ್ ನಾನು ಲೆಕ್ಕಕ್ಕೆ ತಗೊಳ್ಳಲ್ಲ. ವಿಮಾನದಲ್ಲಿ ಯಾರಿಗೋ ಕೋವಿಡ್ ಅಂತ ಇಂಡೋನೇಷ್ಯಾ ತಂಡವನ್ನೇ ಮಧ್ಯದಲ್ಲಿ ಹೊರಹಾಕಿದರು. ಚೀನಾ ಬರಲೇ ಇಲ್ಲ. ಫೈನಲ್‌ನಲ್ಲಿ ಜಪಾನ್–ಜಪಾನ್. ಮನೆಯವರೇ ಮನೆಯವರ ಜೊತೆ ಆಡಿ ಕಪ್ ತಗೊಂಡು ಹೋದ ಹಾಗೆ.

ದಿಲ್ಲಿ ಕನ್ನಡಿಗ

ಇಂಡೋನೇಷ್ಯಾದವರಿಗೆ ಅನ್ಯಾಯ ಆಯಿತು, ನಿಜ. ಅದಕ್ಕೆ ಎಂಡೊ ಏನು ಮಾಡಬೇಕಿತ್ತು? ಮತ್ತೆ ಆ ಫೈನಲ್‌ನಲ್ಲಿ ಎದುರಿಗಿದ್ದದ್ದು ಕಮುರಾ–ಸೊನೊಡಾ. 2018ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಆಡಿದವರು. ಸೊನೊಡಾ ಪ್ರತಿ ಪಾಯಿಂಟಿಗೆ ಕೂಗುವುದು ಟಿವಿ ಸೌಂಡ್ ಆಫ್ ಮಾಡಿದರೂ ಕೇಳುತ್ತೆ. 21-15, 17-21, 21-11. ಮೂರನೇ ಗೇಮಿನಲ್ಲಿ 34 ವಯಸ್ಸಿನವನು ಅವರನ್ನು ಹನ್ನೊಂದಕ್ಕೆ ನಿಲ್ಲಿಸಿದ. ಸುಮ್ನೆ ಸಿಕ್ಕಿದ ಕಪ್ ಅಲ್ಲ.

2020ರದ್ದಕ್ಕಾದರೂ ಮಿನಿಯನ್ಸ್ ಇದ್ದರಲ್ಲ?

ಲಿಫ್ಟ್ ಮಾಸ್ಟರ್, ಮೈಸೂರು

2020ರ ಫೈನಲ್ ನಾನು ಲೈವ್ ನೋಡಿದ್ದು. ಮಾರ್ಚ್ 15, ಭಾನುವಾರ. ನಮ್ಮಲ್ಲಿ ಆಗಲೇ ಮಾಲ್, ಸಿನಿಮಾ ಬಂದ್ ಮಾಡಿದ್ದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾತ್ರ ಜನ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ನೋಡಿದರೆ ಈಗ ಮೈ ಜುಮ್ ಅನ್ನುತ್ತೆ. ಆ ಟೂರ್ನಿ ಮುಗಿದದ್ದೇ ತಡ, ಬ್ಯಾಡ್ಮಿಂಟನ್ ಪೂರ್ತಿ ನಿಂತುಹೋಯಿತು.

21-18 ಮೊದಲ ಗೇಮ್ ಜಪಾನ್. ಎರಡನೇದರಲ್ಲಿ 12-21, ಸುಲಭವಾಗಿ ಬಿಟ್ಟರು. ಮೂರನೇ ಗೇಮ್ ಕೊನೆಗೆ ಬಂದಾಗ ನನ್ನ ಕಾಲು ಸೋಫಾ ಮೇಲೆ. ಹೆಂಡತಿ ಅಡುಗೆಮನೆಯಿಂದ ‘ಯಾರು ಆಡ್ತಿದ್ದಾರೆ, ನಮ್ಮವರಾ?’ ಅಂದಳು. ಅಲ್ಲ ಅಂದೆ. ‘ಮತ್ಯಾಕೆ ಈ ಪಾಡು?’ ಅಂತ ಒಳಗೆ ಹೋದಳು.

21-19. ಪುರುಷರ ಡಬಲ್ಸ್‌ನಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೊದಲ ಜಪಾನಿ ಜೋಡಿ.

ಎಡಗೈ ಹುಡುಗ

ಸಾತ್ವಿಕ್–ಚಿರಾಗ್ ಇವರ ಎದುರು ಆಡಿದ್ದಾರಾ?

ಕೊಡಗಿನ ಕಾಫಿ

ಆಡಿ ಗೆದ್ದೂ ಇದ್ದಾರೆ! 2019ರ ಫ್ರೆಂಚ್ ಓಪನ್ ಸೆಮಿ. 21-11, 25-23. ಎಂಡೊ ಎತ್ತಿ ಎತ್ತಿ ಕೊಟ್ಟ, ಸಾತ್ವಿಕ್ ಆ ಎತ್ತರದಿಂದ ಕೆಳಗಿಳಿಸಿ ಇಳಿಸಿ ಹೊಡೆದ. ಎಲ್ಲರಿಗೂ ಒಂದೇ ಮದ್ದು ನಡೆಯಲ್ಲ. ಗಿಡಿಯನ್‌ನನ್ನು ಸುಸ್ತು ಮಾಡಿದ ಉಪಾಯ ಆರಡಿ ಹುಡುಗರ ಮುಂದೆ ಆ ದಿನ ಕೆಲಸ ಮಾಡಲಿಲ್ಲ. ಫೈನಲ್‌ನಲ್ಲಿ ನಮ್ಮವರು ಮಿನಿಯನ್ಸ್ ಎದುರು ಸೋತರು.

ಇನ್ನೊಂದು ತಮಾಷೆ. ಸಾತ್ವಿಕ್–ಚಿರಾಗ್ ಜೋಡಿ ಕಟ್ಟಿದ್ದು ಮಲೇಷ್ಯಾದ ಕೋಚ್ ಟಾನ್ ಕಿಮ್ ಹರ್. ಅವರು ಇಲ್ಲಿಂದ ಹೋಗಿ ಸೇರಿದ್ದು ಜಪಾನ್ ತಂಡಕ್ಕೆ! 2025ರಲ್ಲಿ ಮತ್ತೆ ನಮ್ಮಲ್ಲಿಗೆ ಬಂದರು.

ನೆಟ್ ಕಿಲ್

ಟೋಕಿಯೋ ಒಲಿಂಪಿಕ್ಸ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಸ್ವಂತ ದೇಶ, ಪದಕದ ಕುದುರೆ. ಕ್ವಾರ್ಟರ್‌ನಲ್ಲೇ ಔಟ್.

ಲಿಫ್ಟ್ ಮಾಸ್ಟರ್, ಮೈಸೂರು

ನಾನೇ ಬಾಯಿ ಬಿಡುತ್ತೇನೆ. ಮನಸ್ಸಿಗೆ ಬೇಜಾರಾಗುವ ಮ್ಯಾಚು ಅದು. ಲೀ ಯಾಂಗ್–ವಾಂಗ್ ಚಿ ಲಿನ್, ತೈವಾನ್. ನೇರ ಗೇಮುಗಳಲ್ಲಿ ಸೋತರು. ಎಂಡೊ ಎತ್ತಿದ, ವಾಂಗ್ ಹೊಡೆದ. ಎಂಡೊ ಮತ್ತೆ ಎತ್ತಿದ. ಈ ಸಲ ಹೊಡೆಯುವವನು ಸುಸ್ತಾಗಲೇ ಇಲ್ಲ. ಸಾತ್ವಿಕ್ ಎದುರು ಆದದ್ದೇ ಇನ್ನೊಮ್ಮೆ. ಅದೇ ಜೋಡಿ ಚಿನ್ನ ಗೆದ್ದಿತು, ಪ್ಯಾರಿಸ್‌ನಲ್ಲೂ ಗೆದ್ದಿತು. ಹಾಗಾಗಿ ಯಾರೋ ದಾರಿಹೋಕರ ಎದುರು ಸೋತದ್ದಲ್ಲ.

ಮುಸಾಶಿನೊ ಒಳಾಂಗಣದಲ್ಲಿ ಪ್ರೇಕ್ಷಕರೇ ಇಲ್ಲ. ಸ್ವಂತ ದೇಶದಲ್ಲಿ ಒಲಿಂಪಿಕ್ಸ್, ಒಂದು ವರ್ಷ ಮುಂದಕ್ಕೆ ಹೋಗಿ ವಯಸ್ಸು 34, ಕೂಗಲು ಒಂದು ಜೀವವೂ ಇಲ್ಲ. ಕಾಕ್ ಬ್ಯಾಟಿಗೆ ಬಡಿಯುವ ಸದ್ದು, ಬೂಟಿನ ಕೀಚ್ ಕೀಚ್ ಅಷ್ಟೇ. ಸೋತ ಮೇಲೆ ಸುಮ್ಮನೆ ಹೊರಗೆ ನಡೆದ. ವತಾನಬೆ ಮಿಕ್ಸೆಡ್ ಕಂಚು ತಗೊಂಡ. ಎಂಡೊ ಅದಾದ ಮೇಲೆ ರಾಷ್ಟ್ರೀಯ ತಂಡ ಬಿಟ್ಟ.

ಅದೇ ವರ್ಷದ ಕೊನೆಗೆ ಸ್ಪೇನಿನ ವೆಲ್ವಾದಲ್ಲಿ ಹೊಕಿ–ಕೊಬಯಾಶಿ ಜಪಾನಿಗೆ ಪುರುಷರ ಡಬಲ್ಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್ ಪಟ್ಟ ತಂದರು. ಎಂಡೊಗೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸಿಕ್ಕಿದ್ದು 2015ರ ಜಕಾರ್ತಾದ ಕಂಚು, ಹಯಾಕಾವಾ ಜೊತೆ.

ಹಳೇ ಬ್ಯಾಟು, ತುಮಕೂರು

ನೀವು ಹೇಳಿದ ಮೇಲೆ ನಿನ್ನೆ ರಾತ್ರಿ ಮೊಮ್ಮಗನ ಮೊಬೈಲಿನಲ್ಲಿ ಆ ವುಹಾನ್ ಮ್ಯಾಚ್ ನೋಡಿದೆ. 21-3 ಇರಲಿ. ನನಗೆ ಹಿಡಿಸಿದ್ದು ಬೇರೆ. ಪಾಯಿಂಟು ಹೋದಾಗ ಆ ಎಂಡೊ ಹುಡುಗನ ಕಡೆ ತಿರುಗಿ ನೋಡುವುದೇ ಇಲ್ಲ. ನೇರ ಕಾಕ್ ಎತ್ತಿಕೊಳ್ಳಲು ಹೋಗುತ್ತಾನೆ. ನನ್ನ ಜೊತೆ ಆಡಿದವರೆಲ್ಲ ಪಾಯಿಂಟು ಹೋದರೆ ಮೊದಲು ನನ್ನ ಮುಖ ನೋಡುತ್ತಿದ್ದರು. ನಾನೂ ಅಷ್ಟೇ ಬಿಡಿ.

ನೆಟ್ ಕಿಲ್

ಸರ್, ಅದು ನನಗೇ ಹೇಳಿದ ಹಾಗಿದೆ 😄 ಒಪ್ಪಿಕೊಂಡೆ. ವತಾನಬೆ ಪ್ರತಿಭೆ ಜಾಸ್ತಿ, ಆದರೆ ಮಿನಿಯನ್ಸ್‌ಗೆ ಮದ್ದು ಕಂಡುಹಿಡಿದವನು ಎಂಡೊ. ಇದಕ್ಕಿಂತ ಮುಂದೆ ನಾನು ಬರಲ್ಲ.

ಲಿಫ್ಟ್ ಮಾಸ್ಟರ್, ಮೈಸೂರು

ಅಷ್ಟು ಸಾಕು.

ನಿನ್ನೆ ಸಂಜೆಯ ವರದಿ: ಎಂಡೊ ಥರ ಎತ್ತೋಣ ಅಂತ ತೀರ್ಮಾನ ಮಾಡಿ ಹೋದೆ. ಎದುರಿಗೆ ಇಂಜಿನಿಯರಿಂಗ್ ಕಾಲೇಜಿನ ಇಬ್ಬರು ಹುಡುಗರು. ಮೊದಲ ಆರು ಲಿಫ್ಟ್ ಚೆನ್ನಾಗಿ ಹೋದವು. ಏಳನೆಯದು ಅರ್ಧಕ್ಕೇ ಇಳಿಯಿತು, ಸ್ಮ್ಯಾಶ್ ಸೀದಾ ನನ್ನ ತೊಡೆಗೆ. ಕೆಂಪಗೆ ದುಂಡು ಗುರುತು ಇನ್ನೂ ಇದೆ. 14-21. ಪಾರ್ಟ್ನರ್ ಸ್ಕೂಟರ್ ಹತ್ತುವಾಗ ‘ನಾಳೆಯಿಂದ ಯಾರ ವೀಡಿಯೋನೂ ನೋಡಬೇಡ ಮಾರಾಯ’ ಅಂದ.

ಎಡಗೈ ಹುಡುಗ

ಅಣ್ಣ, ನಾನೂ ಮೈಸೂರೇ. ಆರರ ಸ್ಲಾಟಿನಲ್ಲಿ ಜಾಗ ಇದ್ದರೆ ಹೇಳಿ. ಎಡಗೈ ಇದೆ, ಬ್ಯಾಟು ಸ್ವಂತದ್ದು.

ಲಿಫ್ಟ್ ಮಾಸ್ಟರ್, ಮೈಸೂರು

ಬಾ. ಕಾಕ್ ದುಡ್ಡು ಹಂಚಿಕೊಳ್ಳಬೇಕು. ನಡುವಿಗೆ ಬಂದದ್ದು ಯಾರದ್ದು ಅಂತ ಮೊದಲೇ ಮಾತಾಡಿಕೊಳ್ಳೋಣ, ನನ್ನ ಬ್ಯಾಟಿನ ಕಂತು ಇನ್ನೂ ಮುಗಿದಿಲ್ಲ.